ಗುಂಡು ವಾಪಸ್ ಬಂದ ದಿನ: ಸ್ಟೀಲ್ ಟಾರ್ಗೆಟ್ ಕಟ್ಟುವ ಮುಂಚೆ ಗೊತ್ತಿರಬೇಕಾದದ್ದು

*‘ಠಣ್’ ಅನ್ನೋ ಆ ಸದ್ದಿಗೆ ಯಾರಾದರೂ ಮರುಳಾಗ್ತಾರೆ. ಆದರೆ ಸದ್ದು ಕೊಡುವ ತಟ್ಟೆ ಸರಿಯಿಲ್ಲದಿದ್ದರೆ ಹೊಡೆದ ಗುಂಡು ಹೊಡೆದವನ ಕಡೆಗೇ ತಿರುಗಿ ಬರುತ್ತದೆ.*

ಕಳೆದ ವರ್ಷ ಅಕ್ಟೋಬರ್‌ನ ಒಂದು ಶನಿವಾರ. ಡಲ್ಲಾಸ್‌ನಿಂದ ಒಂದೂವರೆ ಗಂಟೆ ದೂರದಲ್ಲಿ ಭಾವನ ಸ್ನೇಹಿತರೊಬ್ಬರ ಜಮೀನು. ಹಿಂದೆ ಹತ್ತಡಿ ಎತ್ತರದ ಮಣ್ಣಿನ ದಿಬ್ಬ, ಮುಂದೆ ಒಂದು ಕಂಬಕ್ಕೆ ಸರಪಳಿಯಲ್ಲಿ ತೂಗುಬಿಟ್ಟ ಕಬ್ಬಿಣದ ತಟ್ಟೆ. ನಾನು 9 ಎಂಎಂ ಪಿಸ್ತೂಲು ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಭಾವ ಪಕ್ಕದಲ್ಲಿ. ಅಕ್ಕನ ಮಗ, ಹನ್ನೊಂದು ವರ್ಷದವನು, ನಮ್ಮ ಹಿಂದೆ ಕಾರಿನ ಡಿಕ್ಕಿ ಮೇಲೆ ಕೂತು ಚಿಪ್ಸ್ ತಿನ್ನುತ್ತಿದ್ದ.

ನಾಲ್ಕನೇ ಗುಂಡಿಗೆ ‘ಠಣ್’ ಬರಲಿಲ್ಲ. ‘ಠಪ್’ ಅಂತ ಮಂಕಾದ ಸದ್ದು. ಅದರ ಬೆನ್ನಿಗೇ ಎಡ ಮುಂಗೈಯಲ್ಲಿ ಯಾರೋ ಕಾದ ಸೂಜಿ ಚುಚ್ಚಿದಂತಾಯಿತು. ನೋಡಿದರೆ ರಕ್ತ. ತಾಮ್ರದ ಬಣ್ಣದ ಒಂದು ಚೂರು, ಅಡಿಕೆ ಹೋಳಿನಷ್ಟೂ ಇಲ್ಲ, ಚರ್ಮದೊಳಗೆ ಕೂತಿತ್ತು. ಕನ್ನಡಕ ತೆಗೆದು ನೋಡಿದೆ. ಬಲಗಡೆ ಗಾಜಿನ ಮೇಲೆ ಹೊಸದೊಂದು ಗೀರು. ಅದು ಯಾವಾಗ ಬಿತ್ತು ಅಂತ ನನಗೆ ಗೊತ್ತೇ ಆಗಿರಲಿಲ್ಲ.

ಭಾವ ಮೊದಲು ನೋಡಿದ್ದು ನನ್ನ ಕೈಯನ್ನಲ್ಲ, ಹಿಂದೆ ಕೂತಿದ್ದ ಹುಡುಗನನ್ನು. ಅವನು ಕನ್ನಡಕ ಹಾಕಿರಲಿಲ್ಲ. “ಅವನು ಶೂಟ್ ಮಾಡ್ತಿಲ್ವಲ್ಲ” ಅಂತ ನಾವೇ ಬಿಟ್ಟಿದ್ದೆವು.

ಅವತ್ತು ರಾತ್ರಿ ಅಕ್ಕ ಜೋರು ಮಾಡಲಿಲ್ಲ. ಊಟ ಬಡಿಸಿ, ನನ್ನ ಬ್ಯಾಂಡೇಜ್ ನೋಡಿ, ಒಂದೇ ಮಾತು ಹೇಳಿದಳು: “ಇದು ಯಾಕೆ ಆಯ್ತು ಅಂತ ನಿಮಗಿಬ್ಬರಿಗೂ ಗೊತ್ತಾಗೋ ತನಕ ನನ್ನ ಮಗ ಅಲ್ಲಿಗೆ ಬರಲ್ಲ.”

ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕೋಕೆ ನಮಗೆ ಎರಡು ತಿಂಗಳು ಹಿಡಿಯಿತು. ನಾವು ಮಾಡಿದ್ದು ಒಂದಲ್ಲ, ನಾಲ್ಕು ತಪ್ಪು.

ನಲ್ಲಿ ಕೆಳಗಿನ ಸೌಟು

ಮೊದಲು ಒಂದು ಸಣ್ಣ ಪ್ರಯೋಗ. ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಕೆಳಗೆ ಒಂದು ಚಪ್ಪಟೆ ತಟ್ಟೆ ಹಿಡಿಯಿರಿ. ನೀರು ತಟ್ಟೆಯ ಉದ್ದಗಲಕ್ಕೂ ಹರಡಿ ಅಂಚಿನಿಂದ ಪಕ್ಕಕ್ಕೆ ಹಾರುತ್ತದೆ. ಈಗ ತಟ್ಟೆ ತೆಗೆದು ಸೌಟು ಹಿಡಿಯಿರಿ, ಗುಂಡಿ ಮೇಲ್ಮುಖವಾಗಿ. ನೀರು ನೇರ ನಿಮ್ಮ ಅಂಗಿಗೆ. ಪಾತ್ರೆ ತೊಳೆದವರೆಲ್ಲ ಇದನ್ನು ಅನುಭವಿಸಿಯೇ ಇರುತ್ತಾರೆ.

ಸ್ಟೀಲ್ ಟಾರ್ಗೆಟ್‌ನ ಇಡೀ ವಿಜ್ಞಾನ ಇಷ್ಟೇ. ಸಾಮಾನ್ಯ ಗುಂಡು ಅಂದರೆ ಮೆತ್ತಗಿನ ಸೀಸ, ಮೇಲೊಂದು ತೆಳು ತಾಮ್ರದ ಕವಚ. ಅದು ಗಟ್ಟಿಯಾದ, ಸಪಾಟಾದ ತಟ್ಟೆಗೆ ಬಡಿದಾಗ ಚಪ್ಪಟೆಯಾಗಿ, ಪುಡಿಪುಡಿಯಾಗಿ, ತಟ್ಟೆಯ ಮೈಗುಂಟ ಪಕ್ಕಕ್ಕೆ ಚೆಲ್ಲುತ್ತದೆ. ಚೂರುಗಳಲ್ಲಿ ಹೆಚ್ಚಿನವು ತಟ್ಟೆಯ ಮೈಯಿಂದ ಸುಮಾರು 20 ಡಿಗ್ರಿಯೊಳಗೇ ಹಾರಿ ಹೋಗುತ್ತವೆ. ಹೊಡೆದವನ ಕಡೆಗೆ ಬರುವುದು ಕಡಿಮೆ.

ಆದರೆ ತಟ್ಟೆಯಲ್ಲಿ ಒಂದು ಗುಂಡಿ ಬಿದ್ದಿದೆ ಅಂತಿಟ್ಟುಕೊಳ್ಳಿ. ಆ ಗುಂಡಿಯೇ ಸೌಟು. ಅದರೊಳಗೆ ಹೊಕ್ಕ ಸೀಸ ಅಂಚಿನ ತಿರುವು ಹಿಡಿದು ಬಂದ ದಾರಿಯಲ್ಲೇ ವಾಪಸ್.

ಅಂದರೆ ಟಾರ್ಗೆಟ್‌ನ ಕೆಲಸ ಗುಂಡನ್ನು ತಡೆಯುವುದು ಅಂತ ನಾವು ತಿಳಿದದ್ದೇ ತಪ್ಪು. ತಡೆಯುವ ಕೆಲಸ ಹಿಂದಿನ ಮಣ್ಣಿನ ದಿಬ್ಬದ್ದು. ತಟ್ಟೆಯ ಕೆಲಸ ಚೂರುಗಳು ಯಾವ ಕಡೆ ಹೋಗಬೇಕು ಅಂತ ತೀರ್ಮಾನಿಸುವುದು. ಆ ಕೆಲಸ ಮಾಡಬೇಕಾದರೆ ಅದು ಸಪಾಟಾಗಿ ಉಳಿಯಲೇಬೇಕು. ಮುಂದೆ ಹೇಳುವ ಎಲ್ಲ ಮಾತೂ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ತಪ್ಪು 1: ದಪ್ಪ ಇದ್ದರೆ ಸಾಕು ಅಂದುಕೊಂಡಿದ್ದು

ನಮ್ಮ ತಟ್ಟೆ ಗುಜರಿಯಿಂದ ತಂದದ್ದು. ಅರ್ಧ ಇಂಚು ದಪ್ಪದ ಮಾಮೂಲಿ ಕಬ್ಬಿಣ. ಎತ್ತೋಕೇ ಇಬ್ಬರು ಬೇಕಿತ್ತು. “ಇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಮಾರಾಯ” ಅಂದಿದ್ದರು ಭಾವ.

ತೀರ್ಥಹಳ್ಳಿ ಕಡೆ ತೋಟದ ಕೋವಿ ನೋಡಿಕೊಂಡು ಬೆಳೆದವನು ನಾನು. ಅಜ್ಜ ಹಂದಿ, ಮಂಗ ಓಡಿಸೋಕೆ ಈಡು ಹಾರಿಸುತ್ತಿದ್ದರು. ಕಬ್ಬಿಣಕ್ಕೆ ಗುಂಡು ಹೊಡೆಯುವ ಪ್ರಮೇಯ ಅಲ್ಲಿ ಬರಲೇ ಇಲ್ಲ. ಹಾಗಾಗಿ ಕಬ್ಬಿಣ ಅಂದರೆ ಕಬ್ಬಿಣ, ಅದರಲ್ಲೇನು ಜಾತಿ ಅನ್ನೋ ಭಾವನೆ ನನಗೂ ಇತ್ತು.

ಜಾತಿ ಇದೆ. ಲೋಹದ ಗಡಸುತನ ಅಳೆಯೋಕೆ ಬ್ರಿನೆಲ್ ಅಂತ ಒಂದು ಅಳತೆ. 10 ಮಿಲಿಮೀಟರ್‌ನ ಗಟ್ಟಿ ಗೋಲಿಯನ್ನು 3000 ಕೆ.ಜಿ. ಭಾರದಲ್ಲಿ ಒತ್ತಿ, ಬಿದ್ದ ಗುಳಿ ಎಷ್ಟು ಅಗಲ ಅಂತ ನೋಡುತ್ತಾರೆ. ಗುಳಿ ಸಣ್ಣದಾದಷ್ಟೂ ಅಂಕಿ ದೊಡ್ಡದು. ಗೇಟು, ಕಿಟಕಿ ಸರಳಿಗೆ ಬಳಸುವ ಮೆತು ಕಬ್ಬಿಣ, ಅಂದರೆ ಎಂಎಸ್, ಈ ಲೆಕ್ಕದಲ್ಲಿ 120–130ರ ಸುತ್ತ ಬರುತ್ತದೆ. ಟಾರ್ಗೆಟ್‌ಗೆ ಬಳಸುವ ಎಆರ್500 ಸ್ಟೀಲ್ ಹೆಸರೇ ಹೇಳುವಂತೆ 500ರ ಆಸುಪಾಸು. ಹತ್ತಿರ ಹತ್ತಿರ ನಾಲ್ಕು ಪಟ್ಟು.

ಎಆರ್ ಎಂದರೆ ಸವೆತ ತಡೆಯುವ ಸ್ಟೀಲ್. ಇದು ಹುಟ್ಟಿದ್ದು ಶೂಟಿಂಗ್‌ಗಾಗಿ ಅಲ್ಲ. ಗಣಿ ಡಂಪರ್‌ಗಳ ತೊಟ್ಟಿ, ಅಗೆಯುವ ಯಂತ್ರದ ಬಕೆಟ್‌, ಕಲ್ಲು ಉಜ್ಜಿ ಸವೆಯುವ ಜಾಗಗಳಿಗೆ ಮಾಡಿದ್ದು. ಸ್ವೀಡನ್‌ನ ಎಸ್‌ಎಸ್‌ಎಬಿ ಕಂಪನಿಯ ಹಾರ್ಡಾಕ್ಸ್ 500 ಕೂಡ ಇದೇ ಕುಟುಂಬದ್ದು. ನೆನಪಿಡಿ, ಎಆರ್500 ಒಂದು ಬ್ರ್ಯಾಂಡ್ ಅಲ್ಲ, ಗಡಸುತನದ ಹೆಸರು. ಯಾರು ಬೇಕಾದರೂ ಹಾಗಂತ ಹೇಳಿ ಮಾರಬಹುದು. ಕೊಳ್ಳುವಾಗ ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರ ಇದೆಯಾ ಅಂತ ಕೇಳೋದು ಒಳ್ಳೆಯದು.

ದಪ್ಪ ಎಷ್ಟಿರಬೇಕು? ಎಆರ್500 ಆದರೆ ಪಿಸ್ತೂಲು ಮತ್ತು ಸಾಮಾನ್ಯ ರೈಫಲ್ ಎರಡಕ್ಕೂ 3/8 ಇಂಚು, ಅಂದರೆ 9.5 ಮಿ.ಮೀ. ಸಾಕು. ಬರೀ .22 ಅಥವಾ ಪಿಸ್ತೂಲು ಮಾತ್ರ ಅಂದರೆ ಕಾಲು ಇಂಚು ನಡೆಯುತ್ತದೆ. ಭಾರಿ ರೈಫಲ್‌ಗಳಿಗೆ ಅರ್ಧ ಇಂಚು. 10 ಇಂಚು ಅಗಲದ, 3/8 ಇಂಚು ದಪ್ಪದ ದುಂಡು ತಟ್ಟೆ ಸುಮಾರು 4 ಕೆ.ಜಿ. ತೂಗುತ್ತದೆ. ಒಂದೇ ಕೈಯಲ್ಲಿ ಎತ್ತಬಹುದು. ನಮ್ಮ ಆ ಗುಜರಿ ತಟ್ಟೆಗಿಂತ ಎಷ್ಟೋ ಹಗುರ, ಎಷ್ಟೋ ಪಟ್ಟು ಬಾಳಿಕೆ.

ತಪ್ಪು 2: ರೈಫಲ್ ಹೊಡೆದ ತಟ್ಟೆಗೇ ಪಿಸ್ತೂಲು

ಅಪಘಾತಕ್ಕೆ ನಿಜವಾದ ಕಾರಣ ಇದು. ಹಿಂದಿನ ತಿಂಗಳು ಭಾವ, ಅವರ ಸ್ನೇಹಿತರು ಸೇರಿ ಅದೇ ತಟ್ಟೆಗೆ .223 ರೈಫಲ್‌ನಿಂದ ಹೊಡೆದಿದ್ದರು. ತೂತು ಬೀಳಲಿಲ್ಲ, ಖುಷಿಪಟ್ಟರು. ಆದರೆ ಹೆಬ್ಬೆರಳು ಇಡುವಷ್ಟು ಅಗಲದ, ಅಂಚು ಎದ್ದ ಐದಾರು ಗುಂಡಿ ಬಿದ್ದಿದ್ದವು. ನಾನು ಹತ್ತು ಹೆಜ್ಜೆಯಿಂದ ಹೊಡೆದ ನಾಲ್ಕನೇ ಗುಂಡು ಹೋಗಿ ಕೂತದ್ದು ಅಂಥ ಒಂದು ಸೌಟಿನೊಳಗೆ.

ಪಿಸ್ತೂಲಿಗೂ ರೈಫಲಿಗೂ ವ್ಯತ್ಯಾಸ ಬರೋದು ವೇಗದಲ್ಲಿ. 9 ಎಂಎಂ ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. .223 ಗುಂಡು ನಳಿಗೆ ಬಿಡುವಾಗ 900 ಮೀಟರ್ ದಾಟಿರುತ್ತದೆ. ಕಬ್ಬಿಣವನ್ನು ಕೊರೆಯುವುದು ಗುಂಡಿನ ತೂಕಕ್ಕಿಂತ ಹೆಚ್ಚಾಗಿ ಈ ವೇಗ. ಬಡಿಯುವ ಹೊತ್ತಿಗೆ ವೇಗ ಸೆಕೆಂಡಿಗೆ 900 ಮೀಟರ್ ಮೀರಿದ್ದರೆ ಎಆರ್500 ಮೇಲೂ ಗುಳಿ ಬೀಳುತ್ತದೆ. ಅದಕ್ಕೇ ರೈಫಲ್‌ಗೆ ದೂರ ಬೇಕು ಅನ್ನೋದು. ಗಾಳಿಯಲ್ಲಿ ಓಡುತ್ತ ಓಡುತ್ತ ಗುಂಡು ನಿಧಾನವಾಗಬೇಕು.

ಹಾಗಾಗಿ ಈಗ ನಮ್ಮ ನಿಯಮ: ರೈಫಲ್ ತಟ್ಟೆ ಬೇರೆ, ಪಿಸ್ತೂಲ್ ತಟ್ಟೆ ಬೇರೆ. ಪ್ರತಿ ಸಲ ಶುರು ಮಾಡುವ ಮುಂಚೆ ಕೈಗವಸು ಹಾಕಿ ತಟ್ಟೆಯ ಮೇಲೆ ಬೆರಳಾಡಿಸಿ ನೋಡುತ್ತೇವೆ. ಗುಳಿ, ಬಿರುಕು, ಎದ್ದ ಅಂಚು, ಬಾಗು, ಯಾವುದು ಸಿಕ್ಕರೂ ಆ ತಟ್ಟೆಗೆ ನಿವೃತ್ತಿ.

“ಗುಂಡಿಗೆ ವೆಲ್ಡಿಂಗ್ ತುಂಬಿಸಿ ಗ್ರೈಂಡ್ ಮಾಡಿದ್ರೆ ಆಗಲ್ವಾ?” ಅಂತ ನಾನೂ ಕೇಳಿದ್ದೆ. ಆಗಲ್ಲ. ಈ ಸ್ಟೀಲ್‌ಗೆ ಗಡಸುತನ ಬಂದಿರೋದು ಕಾಯಿಸಿ, ತಟ್ಟನೆ ತಣಿಸಿದ್ದರಿಂದ. ಮತ್ತೆ ಜೋರಾಗಿ ಕಾಯಿಸಿದರೆ ಆ ಜಾಗ ಮೆತ್ತಗಾಗುತ್ತದೆ. ಮುಂದಿನ ಗುಂಡಿ ಅಲ್ಲೇ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ ತಟ್ಟೆಯ ಅಂಚು ಬೇಗ ಹಾಳಾಗುವುದೂ ಇದೇ ಕಾರಣಕ್ಕೆ. ಲೇಸರ್ ಅಥವಾ ನೀರಿನ ಜೆಟ್‌ನಿಂದ ಕತ್ತರಿಸಿದ್ದು ಉತ್ತಮ. ನೀರಿನ ಜೆಟ್‌ನಲ್ಲಿ ಬಿಸಿಯ ಪ್ರಶ್ನೆಯೇ ಇಲ್ಲ.

ತಪ್ಪು 3: ಎದೆ ಸೆಟೆಸಿ ನಿಲ್ಲಿಸಿದ್ದು

ನಮ್ಮ ತಟ್ಟೆ ನೇರವಾಗಿ ತೂಗುತ್ತಿತ್ತು. ಮುಂಭಾಗದಲ್ಲೇ ಎರಡು ದಪ್ಪ ಬೋಲ್ಟ್ ತಲೆ. ಮೇಲೆ ಸರಪಳಿ. ಮೂರೂ ತಪ್ಪು.

ತಟ್ಟೆಯ ಮುಖ ಸ್ವಲ್ಪ ನೆಲ ನೋಡಬೇಕು, ನಾಚಿಕೊಂಡ ಮದುಮಗಳ ಹಾಗೆ. ಸುಮಾರು 20 ಡಿಗ್ರಿ ಮುಂದಕ್ಕೆ ಬಾಗಿದ್ದರೆ ಚೂರುಗಳಲ್ಲಿ ಹೆಚ್ಚಿನವು ಅಲ್ಲೇ ಕೆಳಗಿನ ಮಣ್ಣಿಗೆ ಹೋಗುತ್ತವೆ. ಅದು ಗಟ್ಟಿಯಾಗಿ ಕಚ್ಚಿಕೊಂಡಿರದೆ ಏಟಿಗೆ ತುಸು ಹಿಂದೆ ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ತಟ್ಟೆಗೂ ಆಯಸ್ಸು.

ಬೋಲ್ಟ್ ತಲೆ ಮುಂದೆ ಕಂಡರೆ ಅದಕ್ಕೆ ಬಡಿದ ಗುಂಡು ಯಾವ ದಿಕ್ಕಿಗೆ ಹೋಗುತ್ತದೋ ದೇವರೇ ಬಲ್ಲ. ಹಿಂಬದಿಯಿಂದ ಕೊಕ್ಕೆಯಲ್ಲಿ ನೇತುಹಾಕುವ ವಿನ್ಯಾಸ ಸಿಗುತ್ತದೆ. ಬೋಲ್ಟ್ ಬೇಕೇ ಬೇಕು ಅಂದರೆ ನುಣುಪು ಗುಂಡು ತಲೆಯ, ಗಡಸು ಬೋಲ್ಟ್ ಹಾಕಬೇಕು, ಅದೂ ತಟ್ಟೆಯ ಮೇಲಂಚಿನಲ್ಲಿ.

ಸರಪಳಿಗೆ ಏಟು ಬಿದ್ದರೆ ಕೊಂಡಿಯೇ ಸಿಡಿಯಬಹುದು. ಅದರ ಬದಲು ಅಮೆರಿಕದಲ್ಲಿ ಅನೇಕರು ಹಳೆಯ ಅಗ್ನಿಶಾಮಕ ಪೈಪಿನ ಪಟ್ಟಿ ಅಥವಾ ಕನ್ವೇಯರ್ ಬೆಲ್ಟ್‌ನ ರಬ್ಬರ್ ಪಟ್ಟಿ ಬಳಸುತ್ತಾರೆ. ಗುಂಡು ತಗುಲಿದರೆ ತೂತಾಗುತ್ತದೆ, ಅಷ್ಟೇ. ಹರಿದ ದಿನ ಹೊಸದು ಕಟ್ಟಿದರಾಯಿತು.

ಕಾಲುಗಳು? ನಾವು ಮರದ್ದೇ ಮಾಡಿದೆವು. ಎರಡು ಇಂಚು, ನಾಲ್ಕು ಇಂಚಿನ ಸಾದಾ ರೀಪರ್. ನಾಲ್ಕು ಕಾಲು, ಮೇಲೊಂದು ಅಡ್ಡಪಟ್ಟಿ, ಬಡಗಿಯ ಕುದುರೆ ಥರ. ಗುಂಡು ಬಿದ್ದರೆ ಮರ ನುಂಗಿಕೊಳ್ಳುತ್ತದೆ, ವಾಪಸ್ ಕಳಿಸುವುದಿಲ್ಲ. ಬಾಳಿಕೆ ಬರಬೇಕಾದ್ದು ತಟ್ಟೆ. ಸ್ಟ್ಯಾಂಡ್ ಸವೆದರೆ ಸವೆಯಲಿ.

ತಪ್ಪು 4: ಹತ್ತು ಹೆಜ್ಜೆ

ಹತ್ತಿರ ನಿಂತರೆ ಗುರಿ ಚೆನ್ನಾಗಿ ಬೀಳುತ್ತದೆ ಅನ್ನೋ ಆಸೆ. ಆದರೆ ಚೂರಿಗೂ ನೀವು ಹತ್ತಿರವೇ. ಅಮೆರಿಕದ ಯುಎಸ್‌ಪಿಎಸ್‌ಎ ಪಿಸ್ತೂಲ್ ಸ್ಪರ್ಧೆಗಳಲ್ಲಿ ಲೋಹದ ಟಾರ್ಗೆಟ್‌ಗೆ ಕನಿಷ್ಠ ದೂರ 23 ಅಡಿ, ಅಂದರೆ 7 ಮೀಟರ್. ತಯಾರಕರಲ್ಲಿ ಹೆಚ್ಚಿನವರು ಹೇಳುವುದು ಪಿಸ್ತೂಲಿಗೆ 10 ಗಜ, ರೈಫಲಿಗೆ 100 ಗಜ. ಇವೆಲ್ಲ ಒಳ್ಳೆಯ ತಟ್ಟೆಗೆ ಹೇಳಿದ ಲೆಕ್ಕ. ನಮ್ಮ ಹತ್ತು ಹೆಜ್ಜೆ ಸ್ಪರ್ಧೆಯ ಕನಿಷ್ಠಕ್ಕೆ ಹತ್ತಿರ ಹತ್ತಿರ ಬರುತ್ತಿತ್ತು, ಆದರೆ ತಟ್ಟೆ ಮಾತ್ರ ಸೌಟಾಗಿತ್ತು. ಈಗ ನಾವು ಪಿಸ್ತೂಲಿಗೂ 15 ಗಜಕ್ಕಿಂತ ಒಳಗೆ ಹೋಗುವುದಿಲ್ಲ.

ಗುಂಡಿನ ಆಯ್ಕೆಯೂ ಇಲ್ಲೇ ಸೇರಿಸಿ. ಒಳಗೆ ಉಕ್ಕಿನ ತಿರುಳಿರುವ ಗುಂಡು, ಕವಚ ಭೇದಿಸುವ ಗುಂಡು ಸ್ಟೀಲ್ ತಟ್ಟೆಗೆ ಬೇಡವೇ ಬೇಡ. ಅಗ್ಗದ ಗುಂಡಿನ ಡಬ್ಬಿ ತಂದರೆ ಒಂದು ಅಯಸ್ಕಾಂತ ಹಿಡಿದು ನೋಡಿ. ಗುಂಡಿನ ತುದಿಗೆ ಅಂಟಿದರೆ ಅದನ್ನು ಪಕ್ಕಕ್ಕಿಡಿ. ಏರ್‌ಗನ್‌ನ ಉಕ್ಕಿನ ಗೋಲಿಗಳೂ ಅಷ್ಟೇ. ಅವು ಪುಡಿಯಾಗುವುದಿಲ್ಲ, ಚೆಂಡಿನ ಹಾಗೆ ಪುಟಿದು ಬರುತ್ತವೆ.

ಕಣ್ಣು, ಕೈ, ಹುಲ್ಲು

ಹೊಡೆಯುವವರಿಗೆ ಮಾತ್ರ ಅಲ್ಲ, ನೋಡುವವರಿಗೂ ಕನ್ನಡಕ, ಕಿವಿಗೆ ರಕ್ಷಣೆ. ಕಾರಿನಲ್ಲಿ ಕೂತು ಚಿಪ್ಸ್ ತಿನ್ನುವವರಿಗೂ. ಪವರ್ ಗ್ಲಾಸ್ ಇದ್ದರೆ ಸಾಲದು. ಏಟು ತಡೆಯುವ, ಪಕ್ಕಕ್ಕೂ ಮುಚ್ಚುವ ಕನ್ನಡಕವೇ ಬೇಕು.

ತಟ್ಟೆಗೆ ಬಡಿದು ಚೆಲ್ಲುವುದು ಸೀಸ. ಅದರ ಪುಡಿ ಕೈಗೆ, ಬಟ್ಟೆಗೆ ಅಂಟುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಟ್ಟದ್ದು, ಬಸುರಿಯರಿಗೂ ಅಪಾಯ. ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ, ಮುಖ ತೊಳೆದ ಮೇಲೆಯೇ ತಿನ್ನೋದು. ಆ ದಿನದ ಬಟ್ಟೆ ಪ್ರತ್ಯೇಕ ಒಗೆತಕ್ಕೆ. ಆ ಚಿಪ್ಸ್ ಪ್ಯಾಕೆಟ್ ನೆನಪಾದಾಗೆಲ್ಲ ನನಗೆ ಕೈಗಾದ ಗಾಯಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ.

ಇನ್ನೊಂದು, ಯಾರೂ ಯೋಚಿಸದ ಅಪಾಯ: ಬೆಂಕಿ. ಗಟ್ಟಿ ಮೈಗೆ ಬಡಿದ ರೈಫಲ್ ಗುಂಡಿನ ಚೂರುಗಳು ಒಣ ಸಾವಯವ ವಸ್ತುವಿಗೆ ಬೆಂಕಿ ಹಚ್ಚಬಲ್ಲವು ಅಂತ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು 2013ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದರು. ಟೆಕ್ಸಾಸ್ ಬೇಸಿಗೆಯಲ್ಲಿ ಹುಲ್ಲು ಬೆಂಕಿಪೊಟ್ಟಣದ ಹಾಗಿರುತ್ತದೆ. ತಟ್ಟೆಯ ಸುತ್ತ ಹುಲ್ಲು ಕೆರೆದು ಬರೀ ಮಣ್ಣು ಮಾಡಿಟ್ಟಿದ್ದೇವೆ. ಎರಡು ಬಕೆಟ್ ನೀರು ಯಾವಾಗಲೂ ಪಕ್ಕದಲ್ಲಿ.

ಮೊದಲು ವೀಸಾ ನೋಡಿಕೊಳ್ಳಿ

ಅಮೆರಿಕದಲ್ಲಿರುವ ನಮ್ಮ ಹುಡುಗ–ಹುಡುಗಿಯರಿಗೆ ಇದನ್ನು ಒತ್ತಿ ಹೇಳಬೇಕು. ಆಫೀಸಿನವರು “ವೀಕೆಂಡ್ ರೇಂಜ್‌ಗೆ ಬರ್ತೀಯಾ?” ಅಂತ ಕರೆಯುತ್ತಾರೆ. ಹೋಗಿ ಒಂದು ಫೋಟೊ ತೆಗೆಸಿಕೊಂಡು ಸ್ಟೇಟಸ್ ಹಾಕುವ ಆಸೆ. ಆದರೆ ಎಚ್‌-1ಬಿ, ವಿದ್ಯಾರ್ಥಿ ವೀಸಾ, ಟೂರಿಸ್ಟ್ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಅಥವಾ ಗುಂಡು ಹೊಂದುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಇದರಲ್ಲಿ ಸೇರುತ್ತದೆ. ಅಲ್ಲಿನ ಬೇಟೆ ಲೈಸೆನ್ಸ್ ಇರುವುದು ಸೇರಿ ಕೆಲವೇ ವಿನಾಯಿತಿಗಳಿವೆ. ಗ್ರೀನ್‌ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ. ನಾನೂ ಗ್ರೀನ್‌ಕಾರ್ಡ್ ಬಂದ ಮೇಲಷ್ಟೇ ಶುರು ಮಾಡಿದ್ದು. ಅನುಮಾನ ಇದ್ದರೆ ವಕೀಲರನ್ನು ಕೇಳಿ. ಒಂದು ಫೋಟೊಗೋಸ್ಕರ ವೀಸಾ ಪಣಕ್ಕಿಡಬೇಡಿ.

ನಮ್ಮ ಊರಿನಲ್ಲಿ

ಕರ್ನಾಟಕದಲ್ಲಿ ಇಂಥ ಭಾರಿ ತಟ್ಟೆಗಳ ಬಳಕೆ ಜನಸಾಮಾನ್ಯರಿಗೆ ಇಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಯೋಚಿಸಿ ನೋಡಿದರೆ ತೆಂಗಿನಕಾಯಿ ಎಷ್ಟು ಜಾಣ ಟಾರ್ಗೆಟ್! ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಒಡೆಯುತ್ತದೆ, ಗುಂಡನ್ನು ವಾಪಸ್ ಕಳಿಸುವುದಿಲ್ಲ.

ಬೆಂಗಳೂರಿನಂಥ ಊರುಗಳಲ್ಲಿ ಹೆಚ್ಚಿನವರು ಕಲಿಯುವುದು 10 ಮೀಟರ್ ಏರ್ ರೈಫಲ್, ಏರ್ ಪಿಸ್ತೂಲ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪದಕ ಗೆದ್ದದ್ದು ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಇಲ್ಲಿ ಗುರಿ ಕಾಗದದ್ದು ಅಥವಾ ಎಲೆಕ್ಟ್ರಾನಿಕ್. ಸ್ಟೀಲ್ ಇರುವುದು ಅದರ ಹಿಂದೆ, ಪೆಲೆಟ್ ಹಿಡಿಯುವ ಡಬ್ಬಿಯಲ್ಲಿ. 4.5 ಎಂಎಂ ಸೀಸದ ಪೆಲೆಟ್ ನಿಧಾನ, ಮೆತ್ತಗೆ. ಹಾಗಾಗಿ ಮಾಮೂಲಿ ಶೀಟ್ ಸಾಕು. ಆದರೆ ನಿಯಮ ಅದೇ: ಶೀಟು ಸಪಾಟಾಗಿರಬೇಕು, ಓರೆಯಾಗಿ ಕೂರಿಸಿರಬೇಕು, ಚಪ್ಪಟೆಯಾದ ಪೆಲೆಟ್ ಕೆಳಗೆ ಬೀಳುವಂತಿರಬೇಕು. ಮನೆಯಲ್ಲಿ ಅಭ್ಯಾಸ ಮಾಡುವವರು ಡಬ್ಬಿಯ ಹಿಂದೆ ಗಟ್ಟಿ ಗೋಡೆ ಇದೆಯಾ, ಯಾರಾದರೂ ಬಾಗಿಲು ತೆಗೆದು ಅಡ್ಡ ಬರಬಹುದಾ ಅಂತ ಮೊದಲು ನೋಡಿ.

ಕೊಳ್ಳುವ ಮುಂಚೆ ಏಳು ಪ್ರಶ್ನೆ

1. ಸ್ಟೀಲ್ ಎಆರ್500 ಅನ್ನೋದಕ್ಕೆ ಪರೀಕ್ಷಾ ಪತ್ರ ಇದೆಯಾ?
2. ದಪ್ಪ ನನ್ನ ಬಂದೂಕಿಗೆ ಸರಿಹೊಂದುತ್ತಾ?
3. ಹೇಗೆ ಕತ್ತರಿಸಿದ್ದು? ಗ್ಯಾಸ್ ಕಟರ್ ಆದರೆ ಬೇಡ.
4. ಮುಖದ ಮೇಲೆ ವೆಲ್ಡಿಂಗ್, ಬೋಲ್ಟ್ ತಲೆ ಇದೆಯಾ? ಇದ್ದರೆ ಬೇಡ.
5. ನೇತುಹಾಕಿದಾಗ ಮುಂದಕ್ಕೆ ಬಾಗುತ್ತಾ?
6. ಎಷ್ಟು ದೂರದಿಂದ, ಯಾವ ಗುಂಡು ಅಂತ ತಯಾರಕರು ಬರೆದಿದ್ದಾರಾ?
7. ತಪ್ಪಿದ ಗುಂಡನ್ನು ಹಿಡಿಯಲು ಹಿಂದೆ ಮಣ್ಣಿನ ದಿಬ್ಬ ಇದೆಯಾ?

ಏಳನೆಯದಕ್ಕೆ ‘ಇಲ್ಲ’ ಅಂದರೆ ಉಳಿದ ಆರು ಕೇಳುವ ಅಗತ್ಯವೇ ಇಲ್ಲ.

ಅಕ್ಕನ ಪರೀಕ್ಷೆ

ಡಿಸೆಂಬರ್ ಕೊನೆಗೆ ಹೊಸ ತಟ್ಟೆ ಬಂತು. ಮರದ ಸ್ಟ್ಯಾಂಡ್ ಕಟ್ಟಿದೆವು. ಬಿಳಿ ಸ್ಪ್ರೇ ಪೇಂಟ್ ಹೊಡೆದೆವು. ಗುಂಡು ಎಲ್ಲಿ ಬಿತ್ತು ಅಂತ ಕಾಣೋಕೆ ಇದಕ್ಕಿಂತ ಸುಲಭ ದಾರಿ ಇಲ್ಲ. ಅಕ್ಕ ಈ ಸಲ ತಾನೇ ಬಂದಳು, ಮಗನನ್ನು ಮನೆಯಲ್ಲಿ ಬಿಟ್ಟು. ಕನ್ನಡಕ, ಇಯರ್‌ಮಫ್ ಹಾಕಿಕೊಂಡು ನಮ್ಮ ಹಿಂದೆ ದೂರದಲ್ಲಿ ನಿಂತಳು.

ಐವತ್ತು ಗುಂಡು ಹೊಡೆದೆವು. ಆಮೇಲೆ ಬಂದೂಕು ಖಾಲಿ ಮಾಡಿ ಕೆಳಗಿಟ್ಟು ಮೂವರೂ ತಟ್ಟೆಯ ಹತ್ತಿರ ಹೋದೆವು. ಮುಂದೆ ಮಣ್ಣಿನಲ್ಲಿ, ತಟ್ಟೆಯ ಸರಿ ಕೆಳಗೆ, ಒಂದು ಗೆರೆ ಎಳೆದಂತೆ ಬೂದು ಪುಡಿ ಬಿದ್ದಿತ್ತು. ತಟ್ಟೆಯ ಬಣ್ಣ ಹೋಗಿತ್ತು, ಮೈ ಮಾತ್ರ ಕನ್ನಡಿ ಹಾಗೆ ಸಪಾಟು. ಅಕ್ಕ ಕೈಗವಸು ಹಾಕಿ ತಾನೇ ಬೆರಳಾಡಿಸಿ ನೋಡಿದಳು. ಆಮೇಲೆ ನಾವು ನಿಂತಿದ್ದ ಜಾಗಕ್ಕೆ ವಾಪಸ್ ನಡೆದು, ಬಗ್ಗಿ, ನೆಲದಲ್ಲಿ ಚೂರು ಹುಡುಕಿದಳು. ಐದು ನಿಮಿಷ ಹುಡುಕಿದಳು. ಒಂದೂ ಸಿಗಲಿಲ್ಲ.

“ಸರಿ, ಮುಂದಿನ ಸಲ ಅವನನ್ನ ಕರ್ಕೊಂಡು ಬನ್ನಿ” ಅಂದಳು. “ಆದ್ರೆ ಕನ್ನಡಕ ನಾನೇ ಹಾಕಿಸ್ತೀನಿ. ಚಿಪ್ಸ್ ಬೇಡ.”

ಹಳೆಯ ಗುಜರಿ ತಟ್ಟೆ ಈಗಲೂ ಭಾವನ ಗ್ಯಾರೇಜಿನಲ್ಲಿದೆ. ಯಾರಾದರೂ ಹೊಸಬರು “ನಾನೂ ಒಂದು ಕಬ್ಬಿಣದ ಟಾರ್ಗೆಟ್ ಮಾಡ್ಕೋಬೇಕು” ಅಂದರೆ ಅವರನ್ನು ಅಲ್ಲಿಗೆ ಕರೆದೊಯ್ದು ಆ ಗುಂಡಿಗಳನ್ನು ತೋರಿಸುತ್ತಾರೆ. ಆಮೇಲೆ ಅಡುಗೆಮನೆಗೆ ಕರೆದು ಕೈಗೆ ಒಂದು ಸೌಟು ಕೊಡುತ್ತಾರೆ.

*ನಿಮ್ಮ ಹವ್ಯಾಸವೂ ನಿಮಗೆ ಇಂಥ ಪಾಠ ಕಲಿಸಿದೆಯೇ? ಓದುಗರ ಅಂಕಣಕ್ಕೆ ಬರೆದು ಕಳಿಸಿ. ನಿಮ್ಮ ಗಾಯದ ಕಥೆ ಇನ್ನೊಬ್ಬರ ಕಣ್ಣು ಉಳಿಸಬಹುದು.*